ಮತಯಂತ್ರದೊಳಗಿನ ದನಿ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಟಿಕೆಟ್ ಕೌಂಟರುಗಳ ಮೇಲಿನ ಮಹಡಿಯಲ್ಲಿ ಒಂದು ಗಾಜಿನ ಕೋಣೆ, ಅದರಲ್ಲೊಂದು ಕುರ್ಚಿ, ಮೇಜು, ಮೇಜಿನ ಮೇಲೆ ಕುತ್ತಿಗೆ ಬಗ್ಗಿಸಿಕೊಂಡ ಮೈಕು. ಫ್ಯಾನು ತಿರುಗಿದರೆ ಅದರ ಗರಗರ ಸದ್ದು ಇಡೀ ನಿಲ್ದಾಣಕ್ಕೆ ಕೇಳುತ್ತದೆಂದು ಮಾತಾಡುವಾಗ ಅದನ್ನು ಆರಿಸಬೇಕಿತ್ತು. ಬಸ್ಸುಗಳು ಒಂದರ ಹಿಂದೊಂದು ಬರುವ ಹೊತ್ತಿನಲ್ಲಿ ಮತ್ತೆ ಹಾಕುವುದಕ್ಕೇ ಪುರುಸೊತ್ತು ಇರುತ್ತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ, ಕೆಳಗೆ ಓಡಾಡುವ ತಲೆಗಳನ್ನು ನೋಡುತ್ತ, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಯಾರನ್ನು ಹುಡುಕುತ್ತಿದೆ ಎಂದು ಅವಳು ಹೇಳುತ್ತಿದ್ದಳು. ಅವಳಿಗಿಂತ ಮುಂಚೆ ಅಲ್ಲಿದ್ದವನು ಮಾತಾಡಿದರೆ ಬಾಯಿ ತುಂಬ ನೀರಿಟ್ಟುಕೊಂಡು ಮಾತಾಡಿದಂತಿರುತ್ತಿತ್ತಂತೆ. ಅವಳು ಬಂದ ಮೇಲೆ ಜನ ತಪ್ಪು ಬಸ್ಸು ಹತ್ತುವುದು ಕಡಿಮೆಯಾಯಿತು.

ಅವಳ ದನಿಯಲ್ಲಿ ಅಂಥ ಇಂಪೇನೂ ಇರಲಿಲ್ಲ. ಹಾಡು ಹೇಳು ಎಂದರೆ ಓಡಿಹೋಗುತ್ತಿದ್ದಳು. ಆದರೆ ಅವಳು ಏನು ಹೇಳಿದರೂ ಅದು ಹಾಗೆಯೇ ಇರಬೇಕು ಅನ್ನಿಸುವಂಥ ಒಂದು ನೆಮ್ಮದಿ ಆ ದನಿಯಲ್ಲಿತ್ತು. ಬಸ್ಸು ತಡ ಎಂದರೂ ಜನ ಗೊಣಗದೆ ಬೆಂಚಿನ ಮೇಲೆ ಕೂರುತ್ತಿದ್ದರು.

ಒಂದು ದಿನ ಬಸ್ಸಿಗೆ ಕಾಯುತ್ತ ಕೂತಿದ್ದ ಚುನಾವಣಾ ಕಚೇರಿಯ ಅಧಿಕಾರಿಯೊಬ್ಬ ಈ ದನಿಯನ್ನು ಕೇಳಿ, ಮೆಟ್ಟಿಲು ಹತ್ತಿ ಬಂದ. ಹೊಸ ಮತಯಂತ್ರಗಳು ಬರುತ್ತಿವೆ, ಕಣ್ಣು ಕಾಣದವರಿಗಾಗಿ ಅದಕ್ಕೊಂದು ಹೆಡ್‌ಫೋನ್ ಇರುತ್ತದೆ, ಅದರಲ್ಲಿ ಅಭ್ಯರ್ಥಿಗಳ ಹೆಸರು, ಗುರುತು ಹೇಳುವುದಕ್ಕೆ ಒಂದು ದನಿ ಬೇಕು ಎಂದ. ಮೈಕಕ್ಕ ಒಪ್ಪಿದಳು. ಗೋಡೆಗೆಲ್ಲ ಸ್ಪಂಜು ಮೆತ್ತಿದ ಪುಟ್ಟ ಕೋಣೆಯಲ್ಲಿ ಕೂರಿಸಿ ಅವಳಿಂದ ಹೆಸರುಗಳನ್ನೂ ಅಂಕಿಗಳನ್ನೂ ಓದಿಸಿದರು. ಕೊನೆಗೊಂದು ಸಾಲು: "ನಿಮ್ಮ ಮತ ದಾಖಲಾಗಿದೆ. ಧನ್ಯವಾದಗಳು." ಅದನ್ನು ಹತ್ತಾರು ಸಲ ಹೇಳಿಸಿದರು. ಆಮೇಲೆ ತಲೆಬುಡವಿಲ್ಲದ ಸಾಲುಗಳನ್ನು ಮುಂದಿಟ್ಟರು. ಹಸಿರು ಬಾಗಿಲಿನ ಹಿಂದೆ ಬೆಕ್ಕು ಸೀನಿತು, ಒದ್ದೆ ಛಾವಣಿಯ ಮೇಲೆ ಝರಿ ಹರಿಯಿತು, ಹೀಗೆ ಪುಟಗಟ್ಟಲೆ.

"ಇದ್ಯಾಕೆ ಸರ್? ಬೆಕ್ಕು ಚುನಾವಣೆಗೆ ನಿಂತಿದ್ಯಾ?" ಎಂದು ನಕ್ಕಳು.

"ಎಲ್ಲ ಅಕ್ಷರದ ಸದ್ದೂ ಬೇಕಮ್ಮ, ಓದಿ" ಎಂದ ಅಧಿಕಾರಿ. ಅವಳು ಓದಿದಳು. ಕೊನೆಗೆ ತೋರಿಸಿದಲ್ಲಿ ಸಹಿ ಮಾಡಿ, ಬಿಸಿ ಟೀ ಕುಡಿದು ಮನೆಗೆ ಬಂದಳು.

ಮನೆ ಎಂದರೆ ಕನ್ನಡಕದ ಅಂಗಡಿಯ ಹಿಂದಿನ ಮೂರು ಕೋಣೆಗಳು. ಗಂಡ ಮುಂದೆ ಕೂತು ಗಾಜು ಉಜ್ಜುತ್ತಿದ್ದ. ಹಿಂದಿನ ಕಿಟಕಿಯ ಬಳಿ ಅತ್ತೆಯ ಕುರ್ಚಿ. ಅತ್ತೆಯ ಕಣ್ಣು ಹೋಗಿ ವರ್ಷಗಳಾಗಿದ್ದವು. ಒಳಗೆ ಒತ್ತಡ ಹೆಚ್ಚಾಗಿ ಅಂಚಿನಿಂದ ಕತ್ತಲು ಕವಿಯುತ್ತ ಬಂದು ಒಂದು ದಿನ ಪೂರ್ತಿ ಮುಚ್ಚಿಕೊಂಡಿತ್ತು. ಅದಕ್ಕೆ ಯಾವ ಕನ್ನಡಕವೂ ಇರಲಿಲ್ಲ. "ಊರಿಗೆಲ್ಲ ಕಣ್ಣು ಕೂಡಿಸ್ತಾನೆ ನನ್ನ ಮಗ, ನನಗೆ ಮಾತ್ರ ಸೊಸೆಯನ್ನ ಕೂಡಿಸಿದಾನೆ" ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದಳು. ಅದು ಸುಳ್ಳೇನಲ್ಲ. ಪೇಪರು ಓದುವುದು, ಬಟ್ಟೆಯ ಬಣ್ಣ ಹೇಳುವುದು, ಬೀದಿಯಲ್ಲಿ ಜಗಳವಾದರೆ ಯಾರು ಯಾರ ಕಾಲರು ಹಿಡಿದಿದ್ದಾರೆಂದು ವರದಿ ಕೊಡುವುದು, ಎಲ್ಲ ಮೈಕಕ್ಕನೇ. ಅತ್ತೆ ಸೊಸೆಯ ಮಾತಿನ ಮೇಲೆ ಕಾಲಿಟ್ಟು ನಡೆಯುತ್ತಿದ್ದಳು. ಎಡಕ್ಕೆ ಮೆಟ್ಟಿಲು ಎಂದರೆ ತಡವರಿಸದೆ ಎಡಗಾಲು ಎತ್ತುತ್ತಿದ್ದಳು.

ಹೊಸ ಯಂತ್ರ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ ಅತ್ತೆ ಯಾರ ಕೈಯನ್ನೂ ಹಿಡಿಯದೆ ಮತಗಟ್ಟೆಯ ಮರೆಯೊಳಗೆ ಹೋದಳು. ಹೊರಗೆ ಬಂದಾಗ ಮುಖ ಅರಳಿತ್ತು. "ಒಳಗೆ ನನ್ನ ಸೊಸೆ ಇದ್ಲು ಕಣ್ರೋ! ಯಾರಿಗೆ ಹಾಕಿದ್ರಿ ಅಂತ ಕೇಳಲಿಲ್ಲ, ಥ್ಯಾಂಕ್ಸ್ ಹೇಳಿ ಕಳಿಸಿದ್ಲು" ಎಂದು ಸರದಿಯಲ್ಲಿ ನಿಂತವರಿಗೆಲ್ಲ ಸಾರಿದಳು. ಮೈಕಕ್ಕನಿಗೆ ನಾಚಿಕೆಯಾದರೂ ಒಳಗೊಳಗೇ ಹಿಗ್ಗಿದಳು.

ಎಲ್ಲ ಕೆಟ್ಟಿದ್ದು ಅದರ ಮುಂದಿನ ಚುನಾವಣೆಯಲ್ಲಿ. ನಗರದ ಅಧ್ಯಕ್ಷಗಿರಿಗೆ ಇಬ್ಬರು ನಿಂತಿದ್ದರು. ಒಬ್ಬನದು ಏಣಿಯ ಗುರುತು, ಇನ್ನೊಬ್ಬನದು ಛತ್ರಿ. ಛತ್ರಿಯವನು ಗೆದ್ದೇಬಿಟ್ಟ ಎಂದು ಬೀದಿಬೀದಿಯಲ್ಲೂ ಮಾತಿತ್ತು. ಯಂತ್ರಗಳು ಮಾತ್ರ ಏಣಿ ಎಂದವು, ಅದೂ ಕೂದಲೆಳೆಯಷ್ಟು ಅಂತರದಲ್ಲಿ. ಆ ಸಂಜೆಯೇ ಗುಸುಗುಸು ಶುರುವಾಯಿತು. ಕುರ್ಚಿಗೆ ಬೆತ್ತ ಹೆಣೆಯುವ ಕುರುಡನೊಬ್ಬ ಯಾರದೋ ಮೊಬೈಲಿನ ಮುಂದೆ, "ನಾನು ಛತ್ರಿ ಒತ್ತಿದೆ, ದಾಖಲಾಯ್ತು ಅಂತು. ಯಾವುದು ದಾಖಲಾಯ್ತೋ ಯಾರಿಗೆ ಗೊತ್ತು?" ಎಂದಿದ್ದ. ಅವನು ಕೇಳಿದ್ದು ಒಂದು ಪ್ರಶ್ನೆ. ಅದು ಮೊಬೈಲಿಂದ ಮೊಬೈಲಿಗೆ ಹಾರುತ್ತ ಹೋಗಿ ಕೊನೆಗೆ, ಕುರುಡರ ಕಿವಿಯಲ್ಲಿ ಛತ್ರಿ ಎಂದು ಹೇಳಿ ಏಣಿಗೆ ಹಾಕಿಸಿದರು ಎಂದಾಯಿತು. ಹಾಗೆ ಹೇಳಿದವಳು ಯಾರು? ಬಸ್ ನಿಲ್ದಾಣದ ಮೈಕಕ್ಕ.

ಮೊದಲು ತಮಾಷೆಯಂತೆಯೇ ಇತ್ತು. ಅವಳು ಬಸ್ಸಿನ ಹೆಸರು ಹೇಳಿ ಮುಗಿಸುತ್ತಿದ್ದಂತೆ ಕೆಳಗಿಂದ ಪಡ್ಡೆಗಳು "ದಾಖಲಾಗಿದೆ! ಧನ್ಯವಾದಗಳು!" ಎಂದು ಕೂಗುತ್ತಿದ್ದರು. ಆಮೇಲೆ ದೊಡ್ಡವರೂ ಕೂಗಿದರು. ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಪಕ್ಕದವರು ತಿರುಗಿ ನೋಡುತ್ತಿದ್ದರು. ಮುಖ ಕಂಡರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ, ದನಿ ಕೇಳಿದರೆ ಎಲ್ಲರಿಗೂ ಸಿಗುತ್ತಿತ್ತು. ಅವಳು ಬೆರಳು ತೋರಿಸಿ ಸಾಮಾನು ಕೊಳ್ಳತೊಡಗಿದಳು. ಒಂದು ಮಧ್ಯಾಹ್ನ ಗಾಜಿನ ಕೋಣೆಗೆ ಕಲ್ಲು ಬಿತ್ತು.

ಮೇಲ್ವಿಚಾರಕ ಕೆಟ್ಟವನಲ್ಲ. "ಬೇಜಾರು ಮಾಡ್ಕೋಬೇಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ" ಎನ್ನುತ್ತ ಅವಳನ್ನು ಕೆಳಗೆ, ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಗೆ ಹಾಕಿದ. ಅದಕ್ಕೆ ಕಿಟಕಿ ಇರಲಿಲ್ಲ. ಒಂಟಿ ಚಪ್ಪಲಿಗಳು, ಟಿಫಿನ್ ಡಬ್ಬಿಗಳು, ಯಾರೋ ಬಿಟ್ಟುಹೋದ ಊರುಗೋಲು. ಇಂಥದ್ದನ್ನು ಹೇಗೆ ಮರೆತು ನಡೆದುಹೋದರೋ! ಗೋಡೆಯಾಚೆ ಮೈಕಿನಲ್ಲಿ ಹೊಸಬಳು ತೊದಲುತ್ತಿದ್ದಳು.

ಒಂದು ಬೆಳಗ್ಗೆ ಪೇಪರು ಓದುತ್ತಿದ್ದವಳನ್ನು ಅತ್ತೆ ತಡೆದು, "ನಾನು ಛತ್ರಿಗೆ ಹಾಕಿದ್ದೆ" ಎಂದಳು.

"ಹಾಕಿದ್ರೆ ಹಾಕಿದ್ರಿ ಅತ್ತೆ, ಅದು ನಿಮ್ಮಿಷ್ಟ."

"ಇಷ್ಟದ ಮಾತಲ್ಲ. ವೋಟು ಒತ್ತಿದ ಮೇಲೆ ನಿಮಗೆಲ್ಲ ಯಂತ್ರದ ಗಾಜಿನ ಹಿಂದೆ ಚೀಟಿ ಕಾಣುತ್ತಂತೆ. ಯಾರ ಗುರುತು ಬಿತ್ತು ಅಂತ ನೋಡ್ಕೊಂಡು ಬರ್ತೀರಂತೆ. ನನಗೆ ಚೀಟಿ ಎಲ್ಲಿ ಕಾಣುತ್ತೆ? ನನಗಿದ್ದಿದ್ದು ನಿನ್ನ ಮಾತೊಂದೇ. ಹೇಳು, ನನ್ನ ವೋಟು ಅಲ್ಲೇ ಬಿತ್ತು ಅಂತ ನಿನಗೆ ಗೊತ್ತಿತ್ತಾ?"

ಮೈಕಕ್ಕ ಪೇಪರು ಮಡಿಚಿದಳು. "ನಾನು ಅವರು ಕೊಟ್ಟ ಸಾಲು ಓದಿದೆ ಅತ್ತೆ. ಚುನಾವಣೆಗಿಂತ ಎಷ್ಟೋ ಮುಂಚೆ ಓದಿದ್ದು. ಒಳಗೆ ಏನಾಗುತ್ತೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಗೊತ್ತಿಲ್ಲದ್ದನ್ನ ಅಷ್ಟು ನಿಶ್ಚಿಂತೆಯಿಂದ ಹೇಗೆ ಹೇಳಿದೆಯೇ?"

ಮೈಕಕ್ಕ ಮಡಿಚಿದ ಪೇಪರನ್ನು ಇನ್ನೊಮ್ಮೆ ಮಡಿಚಿದಳು. ಬಸ್ಸು ಬರುತ್ತದೆ ಎಂದು ಹೇಳುವಾಗಲೂ ಅವಳೇನು ರಸ್ತೆಯ ತುದಿಯಲ್ಲಿ ನಿಂತು ನೋಡಿ ಬಂದಿರುತ್ತಿರಲಿಲ್ಲ. ಯಾರೋ ಫೋನಿನಲ್ಲಿ ಹೇಳುತ್ತಿದ್ದರು, ಅವಳು ಮೈಕಿನಲ್ಲಿ ಹೇಳುತ್ತಿದ್ದಳು. ಆದರೆ ಬಸ್ಸು ಕೊನೆಗೆ ಕಣ್ಣೆದುರೇ ಬಂದು ನಿಲ್ಲುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಜನ ಮರೆಯುತ್ತಿದ್ದರೇನೋ. ಮುಂದಿನ ವಾರ ರಜೆಯ ದಿನ ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ಹಿಂದಿನ ಬೀದಿಯಲ್ಲಿ ಧ್ವನಿವರ್ಧಕ ಕಟ್ಟಿದ ವ್ಯಾನೊಂದು ಮೆಲ್ಲಗೆ ಬಂತು. ಅದರಿಂದ ಅವಳದೇ ದನಿ ಹೊರಟಿತು.

"ನಾಗರಿಕರೇ, ನಾನು ನಿಮ್ಮ ಮತಯಂತ್ರದ ದನಿ. ಮತ ಎಣಿಕೆಯಲ್ಲಿ ಯಾವ ತಪ್ಪೂ ಆಗಿಲ್ಲ. ಗಾಳಿಮಾತಿಗೆ ಕಿವಿಗೊಡಬೇಡಿ. ನಾನೇ ಹೇಳುತ್ತಿದ್ದೇನೆ, ನಂಬಿ."

ಚಾಕು ಕೈಯಲ್ಲೇ ನಿಂತಿತು. ಆ ಮಾತನ್ನು ಅವಳು ಹುಟ್ಟಿದ ಮೇಲೆ ಎಂದೂ ಆಡಿರಲಿಲ್ಲ. ಆದರೂ ದನಿ ಅವಳದೇ. 'ನಂಬಿ' ಎನ್ನುವಲ್ಲಿ ಕೊಂಚ ಇಳಿಯುವುದು, ವಾಕ್ಯ ಮುಗಿದ ಮೇಲೆ ಸಣ್ಣಗೆ ಉಸಿರು ಎಳೆದುಕೊಳ್ಳುವುದು, ಎಲ್ಲ ಅವಳದೇ. ಒಂದು ಕ್ಷಣ, ತಾನೇ ಯಾವಾಗಲೋ ಹೇಳಿ ಮರೆತಿದ್ದೇನೋ ಎಂದು ತಡಕಾಡಿದಳು.

ಕಿಟಕಿಯ ಬಳಿ ಅತ್ತೆ ಕಿವಿ ನಿಮಿರಿಸಿ ಕೂತಿದ್ದಳು. ವ್ಯಾನು ತಿರುವು ದಾಟಿದ ಮೇಲೆ, "ಯಾವಾಗ ಹೋಗಿ ಹೇಳಿ ಬಂದೆ?" ಎಂದಳು.

"ಅತ್ತೆ, ನಾನಲ್ಲ. ನಾನು ಇದನ್ನ ಹೇಳೇ ಇಲ್ಲ."

"ನನಗೆ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ."

"ದೇವರಾಣೆ ಅತ್ತೆ!"

"ನನ್ನ ಮಗನ ಕೆಮ್ಮು ಬೀದಿ ತುದೀಲಿ ಕೇಳಿದ್ರೂ ಗುರುತು ಹಿಡೀತೀನಿ. ದಿನಾ ಪೇಪರು ಓದೋಳ ದನಿ ಗೊತ್ತಾಗಲ್ವಾ? ಬಲವಂತ ಮಾಡಿದ್ರು ಅನ್ನು, ಒಪ್ಪಿಕೊಂಡೇನು. ಹೆದರಿಸಿದ್ರು ಅನ್ನು. ಹೇಳೇ ಇಲ್ಲ ಅಂತ ಮಾತ್ರ ಅನ್ನಬೇಡ."

ಮರುದಿನ ಮೈಕಕ್ಕ ಚುನಾವಣಾ ಕಚೇರಿಗೆ ಹೋದಳು. ಬಾಗಿಲಲ್ಲಿ ಪೊಲೀಸರು, ಮರಳಿನ ಚೀಲಗಳು. ಬಸ್ಸಿಗೆ ಕಾಯುತ್ತಿದ್ದಾಗ ಅವಳನ್ನು ಕಂಡುಹಿಡಿದಿದ್ದ ಅಧಿಕಾರಿಯೇ ಸಿಕ್ಕ. ಕಣ್ಣ ಕೆಳಗೆ ಕಪ್ಪುಕಟ್ಟಿತ್ತು. ಮನೆ ಮುಂದೆ ಜನ ನಿಂತಿರುತ್ತಾರೆಂದು ಅವನು ಕಚೇರಿಯಲ್ಲೇ ಮಲಗುತ್ತಿದ್ದ.

"ನಿಮ್ಮ ದನಿಯ ಸದ್ದುಗಳೆಲ್ಲ ನಮ್ಮ ಹತ್ರ ಇದ್ವಲ್ಲಮ್ಮ" ಎಂದ. "ಕಂಪ್ಯೂಟರು ಅದನ್ನ ಜೋಡಿಸಿ ಯಾವ ಮಾತು ಬೇಕಾದ್ರೂ ಆಡುತ್ತೆ. ಅದಕ್ಕೆ ನೀವು ಸಹಿ ಮಾಡಿದ್ದೀರಿ. ಜನ ನಿಮ್ಮ ದನಿ ನಂಬ್ತಾರೆ ಅಂತ ಮೇಲಿನವರು ಮಾಡಿಸಿದ್ರು."

"ನನ್ನ ಬಾಯಲ್ಲಿ ಬಂದಿದ್ದಲ್ಲ ಅಂತ ಒಂದು ಪ್ರಕಟಣೆ ಕೊಡಿ ಸರ್. ಅಷ್ಟು ಸಾಕು."

ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ಕೊಟ್ರೆ ಏನಾಗುತ್ತೆ ಯೋಚನೆ ಮಾಡಿ. ಪ್ರಕಟಣೆಯ ದನಿಯೇ ನಕಲಿ ಅಂದ್ರೆ ನಾಳೆ ಮತಯಂತ್ರಾನೂ ನಕಲಿ ಅಂತಾರೆ. ಎಣಿಕೆ ಸರಿಯಾಗಿದೆ ಅಮ್ಮ. ನಾನು ಮೂರು ಸಲ ನೋಡಿದೀನಿ. ಆ ದನಿ ಸುಳ್ಳು ಹೇಳಿಲ್ಲ. ನಿಜಾನೇ ತಾನೆ ಹೇಳಿದ್ದು?"

"ನಿಜವಾದ್ರೂ ನಾನು ಹೇಳಿಲ್ವಲ್ಲ ಸರ್!"

ಅವನು ಅವಳನ್ನು ನೋಡಿದ. ಅರ್ಥವಾಗದೆ ಅಲ್ಲ, ಅರ್ಥವಾಗಿಯೂ ಕೈಲಾಗದೆ. ವ್ಯಾನು ನಿಲ್ಲಿಸುವುದಕ್ಕೆ ಹೇಳುತ್ತೇನೆ ಎಂದ. ಅದು ನಿಂತಿತು ಕೂಡ. ಆದರೆ ಅಷ್ಟರಲ್ಲಿ ಅದನ್ನು ಕೇಳದ ಬೀದಿಯೇ ಉಳಿದಿರಲಿಲ್ಲ.

ಛತ್ರಿಯವರು ಸುಮ್ಮನಿರುತ್ತಾರೆಯೇ? ಅವರ ಕಡೆಯ ವಕೀಲನೊಬ್ಬ ಕನ್ನಡಕದ ಅಂಗಡಿಗೇ ಬಂದ. ಮೈಕಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನ ಕಣ್ಣು ಮಿಂಚಿತು. "ಇದನ್ನೇ ಎಲ್ಲರ ಮುಂದೆ ಹೇಳಿ. ಜೊತೆಗೆ ಯಂತ್ರದ ಎಣಿಕೆಯೂ ಮೋಸ ಅಂತ ಒಂದು ಮಾತು ಸೇರಿಸಿ."

"ಮೊದಲನೇದು ಹೇಳ್ತೀನಿ. ಎರಡನೇದು ನನಗೆ ಗೊತ್ತಿಲ್ಲ."

"ಬರೀ ಮೊದಲನೇದು ಕಟ್ಕೊಂಡು ನಾವೇನು ಮಾಡೋಣ ತಾಯಿ?" ಎಂದು ಅವನು ಎದ್ದುಹೋದ. ಹೋಗುವಾಗ ಏಣಿಯವರು ಇವಳ ಬಾಯಿಗೆ ಚೆನ್ನಾಗಿಯೇ ಬೀಗ ಹಾಕಿದ್ದಾರೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ.

ಆ ದಿನಗಳಲ್ಲಿ ಅವಳನ್ನು ನಂಬಿದವನು ಗಂಡನೊಬ್ಬನೇ. ಅವನು ಹೆಚ್ಚು ಮಾತಿನವನಲ್ಲ. "ನೀನು ಹೇಳಿಲ್ಲ ಅಂದ್ರೆ ಹೇಳಿಲ್ಲ. ಮುಗೀತು" ಎಂದು ಗಾಜು ಉಜ್ಜುವುದಕ್ಕೆ ಬಗ್ಗಿದ. ಅಂಗಡಿಗೆ ಬರುವವರು ಕಡಿಮೆಯಾದರು. ಅದಕ್ಕೂ ಅವನು ಚಕಾರವೆತ್ತಲಿಲ್ಲ. ಆ ಒಂದು ಮಾತು ಹಿಡಿದುಕೊಂಡು ಮೈಕಕ್ಕ ದಿನವೂ ಕಿಟಕಿಯಿಲ್ಲದ ಕೋಣೆಗೆ ಹೋಗಿ ಬರುತ್ತಿದ್ದಳು.

ಗಲಾಟೆ ಜೋರಾಗಿ, ಕೊನೆಗೆ ನ್ಯಾಯಾಲಯವು ಯಂತ್ರದಿಂದ ಬಿದ್ದ ಚೀಟಿಗಳನ್ನೆಲ್ಲ ಜನರ ಮುಂದೆ ಕೈಯಿಂದ ಎಣಿಸಿ ಎಂದಿತು. ಕಾಲೇಜಿನ ಒಳಾಂಗಣ ಕ್ರೀಡಾಂಗಣದಲ್ಲಿ ಉದ್ದುದ್ದ ಮೇಜು ಹಾಕಿದರು. ಜನರು ಮೆಟ್ಟಿಲು ಸಾಲಿನಲ್ಲಿ ಕೂತು ನೋಡಬಹುದಿತ್ತು.

"ನನ್ನ ಕರ್ಕೊಂಡು ಹೋಗು" ಎಂದಳು ಅತ್ತೆ, ಸೊಸೆಗಲ್ಲ, ಮಗನಿಗೆ. ಅಂಗಡಿ ಬಿಡುವಂತಿರಲಿಲ್ಲವೆಂದು ಕೊನೆಗೆ ಸೊಸೆಯೇ ಕರೆದೊಯ್ಯಬೇಕಾಯಿತು. ದಾರಿಯುದ್ದಕ್ಕೂ ಅತ್ತೆ ಅವಳ ತೋಳನ್ನು ಬೆರಳ ತುದಿಯಲ್ಲಿ ಮುಟ್ಟಿದ್ದಳೇ ಹೊರತು ಹಿಡಿದಿರಲಿಲ್ಲ. ಎಡಕ್ಕೆ ಮೆಟ್ಟಿಲು ಎಂದರೆ ಮೊದಲು ಕೋಲಿನಿಂದ ತಟ್ಟಿ ನೋಡುತ್ತಿದ್ದಳು.

ಅಲ್ಲಿ ಗುಮಾಸ್ತರು ಒಂದೊಂದೇ ಚೀಟಿ ಎತ್ತಿ ಎರಡೂ ಕಡೆಯ ಏಜೆಂಟರಿಗೆ ತೋರಿಸಿ ಗಟ್ಟಿಯಾಗಿ ಓದುತ್ತಿದ್ದರು. ಏಣಿ. ಛತ್ರಿ. ಛತ್ರಿ. ಏಣಿ. ಅತ್ತೆ ಕೋಲಿನ ಮೇಲೆ ಗಲ್ಲವಿಟ್ಟು ಕೇಳುತ್ತ ಕೂತಳು. ಓದುವವರಿಗೆ ಗಂಟಲು ಒಣಗಿತು, ಕೆಮ್ಮಿದರು, ಆಕಳಿಸಿದರು. ಒಬ್ಬ ಛತ್ರಿಯನ್ನು ಏಣಿ ಎಂದುಬಿಟ್ಟ. "ಏಯ್!" ಎಂದು ಏಜೆಂಟು ಹಾರಿ ಎದ್ದ. ಗುಮಾಸ್ತ ಹಣೆ ಚಚ್ಚಿಕೊಂಡು "ತಪ್ಪಾಯ್ತು, ಛತ್ರಿ, ಛತ್ರಿ" ಎಂದ. ಇಡೀ ಕ್ರೀಡಾಂಗಣ ನಕ್ಕಿತು. ಅತ್ತೆಯೂ ನಕ್ಕಳು. ಬಹಳ ದಿನದ ಮೇಲೆ ಅವಳ ನಗು ಕೇಳಿ ಮೈಕಕ್ಕ ಚೀಲದಿಂದ ನೀರಿನ ಬಾಟಲಿ ತೆಗೆದಳು.

"ನೀರು ಕುಡೀತೀರಾ ಅತ್ತೆ?"

"ಶ್! ಕೇಳಿಸ್ಕೊಳ್ಳೋಕೆ ಬಿಡು."

ಎಣಿಕೆ ಮುಗಿಯುವ ಹೊತ್ತಿಗೆ ದೀಪ ಹಚ್ಚಿದ್ದರು. ಯಂತ್ರ ಹೇಳಿದ್ದೇ ಸರಿಯಾಗಿತ್ತು. ಹರಿದುಹೋದ ಎರಡು ಮೂರು ಚೀಟಿಗಳ ಮಾತು ಬಿಟ್ಟರೆ ಲೆಕ್ಕ ಅಲ್ಲಿಗಲ್ಲಿಗೆ ಕೂಡಿತು. ಏಣಿಯವನೇ ಗೆದ್ದಿದ್ದ. ಛತ್ರಿಯವನು ಬಂದು ಗೆದ್ದವನ ಕೈ ಕುಲುಕಿದ. ಜನ ಗೊಣಗುತ್ತ, ಚಪ್ಪಲಿ ಹುಡುಕುತ್ತ ಎದ್ದರು.

ಹೊರಗೆ ಬಂದ ಮೇಲೆ ಅತ್ತೆ, "ಎಣಿಕೆ ಸರಿಯಾಗೇ ಇದೆ. ನನ್ನ ವೋಟು ಅದರಲ್ಲೇ ಎಲ್ಲೋ ಇತ್ತು" ಎಂದಳು. ಸೋತರೂ ದನಿಯಲ್ಲೊಂದು ಸಮಾಧಾನವಿತ್ತು.

ಮೈಕಕ್ಕನ ಎದೆ ಹಗುರಾಯಿತು. "ಹಾಗಾದ್ರೆ ಅತ್ತೆ, ಇನ್ನು ನನ್ನ ಮೇಲೆ ಕೋಪ ಇಲ್ಲ ತಾನೆ?"

"ಅದೇ ಬೇರೆ, ಇದೇ ಬೇರೆ. ಇವರು ಎಣಿಸಿ ಹೇಳಿದ್ರು. ನೀನು ಎಣಿಸೋಕೆ ಮುಂಚೆನೇ ನಂಬಿ ಅಂದೆ. ಅಂದಿದ್ದೂ ಅಲ್ಲದೆ ಅಂದಿಲ್ಲ ಅಂತ ನನ್ನ ಮುಂದೆ ಆಣೆ ಇಟ್ಟೆ."

ಊರಿಗೆ ಚುನಾವಣೆ ಮುಗಿಯಿತು. ಕನ್ನಡಕದ ಅಂಗಡಿಗೆ ಜನ ಮತ್ತೆ ಬಂದರು. ಏಣಿಯವರಂತೂ ಬೀದಿಯಲ್ಲಿ ಸಿಕ್ಕಾಗ "ನೀವು ಧೈರ್ಯವಾಗಿ ಹೇಳಿದ್ರಿ ನೋಡಿ" ಎಂದು ಕೈಮುಗಿದರು. ಅಲ್ಲ ಎಂದರೆ ವಿನಯ ಎಂದುಕೊಂಡರು. ಮನೆಯೊಳಗೆ ಮಾತ್ರ ಏನೂ ಮುಗಿಯಲಿಲ್ಲ. ಅತ್ತೆ ಪೇಪರು ಓದಿಸಿಕೊಳ್ಳುವುದನ್ನು ಬಿಟ್ಟಳು. ಯಾವ ಸೀರೆ ಎಂದು ಕೇಳದೆ ಕೈಗೆ ಸಿಕ್ಕಿದ್ದು ಉಡುತ್ತಿದ್ದಳು. ಗೋಡೆ ತಡವುತ್ತ ತಾನೇ ಓಡಾಡಿ, ಒಂದು ದಿನ ಬಚ್ಚಲಿನ ಹೊಸ್ತಿಲು ಎಡವಿ ಬಿದ್ದು ಮೊಣಕೈ ಒಡೆದುಕೊಂಡಳು.

ಮೈಕಕ್ಕ ಓಡಿಹೋಗಿ ಎತ್ತಿ ಕುರ್ಚಿಯಲ್ಲಿ ಕೂರಿಸಿ ರಕ್ತ ಒರೆಸಿದಳು. "ಕೂಗಬಾರದಾಗಿತ್ತಾ ಅತ್ತೆ? ಇಲ್ಲೇ ಇದ್ನಲ್ಲ."

"ಕೂಗಿದ್ರೆ ನೀನು ಹೊಸ್ತಿಲು ಇದೆ ಅಂತೀಯ. ಇದೆಯೋ ಇಲ್ವೋ ಅಂತ ಮತ್ತೆ ನಾನೇ ತಡಕಬೇಕು. ಅದರ ಬದಲು ಬೀಳೋದೇ ಮೇಲು." ಮುದುಕಿ ಮೊಣಕೈಯನ್ನು ಹಿಂದಕ್ಕೆಳೆದುಕೊಂಡಳು. "ಒಂದೇ ಒಂದು ಸಲ ಹೌದು ಅನ್ನೇ. ನನಗೆ ಬೇರೆ ಏನೂ ಬೇಡ. ನನ್ನ ಕಿವಿಯೂ ಹೋಯ್ತಾ ಅಂತ ಹೆದರಿಕೆ ಆಗುತ್ತೆ ನನಗೆ."

ಮೈಕಕ್ಕ ಹತ್ತಿಯನ್ನು ಕೈಯಲ್ಲೇ ಹಿಡಿದು ಕೂತಳು. ಇಲ್ಲ ಎಂದರೆ ಈ ಹೆಂಗಸಿಗೆ ಉಳಿದ ಒಂದೇ ಒಂದನ್ನೂ ಕಿತ್ತುಕೊಂಡಂತೆ. ಇಷ್ಟು ದಿನ ಇಲ್ಲ ಎಂದು ಸಾಕಾಗಿಯೂ ಹೋಗಿತ್ತು.

"ಹೌದು ಅತ್ತೆ" ಎಂದಳು. "ನಾನೇ ಹೇಳಿದ್ದು. ಕಚೇರಿಯವರು ಕರೆಸಿದ್ರು, ಹೆದರಿಕೆ ಆಯ್ತು, ಹೇಳಿಬಿಟ್ಟೆ." ಆ ನಿಶ್ಚಿಂತೆಯ ದನಿಯಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಮೈ ಜುಂ ಎಂದಿತು.

ಅತ್ತೆ ಉದ್ದಕ್ಕೆ ಉಸಿರು ಬಿಟ್ಟು ಅವಳ ತಲೆ ತಡವಿದಳು. "ಹುಚ್ಚಿ! ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ಹೆದರಿಸಿದ್ರೆ ಯಾರಾದ್ರೂ ಹೇಳ್ತಾರೆ. ಹೋಗ್ಲಿ ಬಿಡು, ಮುಗೀತು. ಪೇಪರು ತಗೊಂಬಾ."

ಪೇಪರು ತರಲು ಎದ್ದು ತಿರುಗಿದರೆ, ಅಂಗಡಿಯ ಕಡೆಯ ಬಾಗಿಲಲ್ಲಿ ಗಂಡ ನಿಂತಿದ್ದ. ಅಮ್ಮ ಬಿದ್ದ ಸದ್ದಿಗೆ ಓಡಿಬಂದವನು. ಕೈಯಲ್ಲಿ ಇನ್ನೂ ಅರ್ಧ ಉಜ್ಜಿದ ಗಾಜಿತ್ತು. ಅವಳು ಕಣ್ಣಲ್ಲೇ ಅಲ್ಲ, ಅಲ್ಲ ಎಂದಳು. ಬಾಯಿ ಬಿಡುವಂತಿರಲಿಲ್ಲ, ಅತ್ತೆಯ ಕಿವಿ ಅಲ್ಲೇ ಇತ್ತು. ಅವನು ಅಮ್ಮನ ಮೊಣಕೈ ನೋಡಿ, ಮತ್ತೆ ಅಂಗಡಿಗೆ ಹೋದ.

ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಅವಳು ಪಕ್ಕದಲ್ಲಿ ಹೋಗಿ ನಿಂತಳು. "ರೀ, ಅತ್ತೆ ಸಮಾಧಾನಕ್ಕೆ ಸುಳ್ಳು ಹೇಳಿದೆ."

ಅವನು ಬೀಗ ಹಾಕಿ, ಎಳೆದು ನೋಡಿದ. ಕೋಪವೇನೂ ಇರಲಿಲ್ಲ ಮುಖದಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ:

"ಯಾವುದು ಸುಳ್ಳು? ನನ್ನ ಹತ್ರ ಹೇಳಿದ್ದಾ, ಅಮ್ಮನ ಹತ್ರ ಹೇಳಿದ್ದಾ?"

"ಅಮ್ಮನ ಹತ್ರ ಹೇಳಿದ್ದು."

"ಹೂಂ" ಎಂದ.

ಆಮೇಲೆ ಅವನು ಆ ಮಾತೆತ್ತಲಿಲ್ಲ. ಮೊದಲಿನಷ್ಟೇ ಒಳ್ಳೆಯವನಾಗಿದ್ದಾನೆ. ಅತ್ತೆ ಪೇಪರಿನ ಒಂದಕ್ಷರವನ್ನೂ ಬಿಡದೆ ಓದಿಸಿಕೊಳ್ಳುತ್ತಾಳೆ. ಮೈಕಕ್ಕ ದಿನವೂ ಮರೆತ ಸಾಮಾನಿನ ಕೋಣೆಗೆ ಹೋಗುತ್ತಾಳೆ. ಊಟಕ್ಕೆ ಕೂತಾಗ ಅವಳು ಇಂದು ಒಂದು ಬಸ್ಸು ಕೆಟ್ಟು ನಿಂತಿತ್ತು ಎಂದೋ, ಹೊರಗೆ ಬಿಸಿಲು ಜೋರು ಎಂದೋ ಹೇಳಿದರೆ ಗಂಡ ತಟ್ಟೆಯಿಂದ ತಲೆ ಎತ್ತಿ ಒಂದು ಗಳಿಗೆ ಅವಳ ಮುಖ ನೋಡುತ್ತಾನೆ. ಆಮೇಲೆ ಹೂಂ ಎನ್ನುತ್ತಾನೆ.